ಒಣಸಾಲಿನ ಬೆಳ್ಳಿ

ಸಿದ್ದಾಪುರದ ಆಚೆಯ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ದುಡಿದಿದ್ದ ಬೆಳ್ಳಿಗೆ ಈ ಸಲ ಒದಗಿದ್ದು ವಿಚಿತ್ರವಾದ ಕೆಲಸ: ಇಪ್ಪತ್ತು ಕಾಫಿ ಗಿಡಗಳನ್ನು ಬಾಯಾರಿಕೆಯಲ್ಲಿಡುವುದು. ಒಂದು ಸಾಲಿಗೆ ವಾರಕ್ಕೊಮ್ಮೆ ನೀರು, ಪಕ್ಕದ ಸಾಲಿಗೆ ಹನಿಯೂ ಇಲ್ಲ ಎಂದು ಸಂಶೋಧಕಿ ಗಾನವಿ ಡಿಸೆಂಬರಿನಲ್ಲೇ ಗೊತ್ತುಮಾಡಿದ್ದಳು. ಕಾರಣವನ್ನೂ ಬಿಡಿಸಿ ಹೇಳಿದ್ದಳು. ಬರ ತಾಳಲು ನೆರವಾಗುವ ಪ್ರತಿ ಜೀನ್‌ನ ಮುಂದೆಯೂ ಡಿಎನ್‌ಎಯ ಪುಟ್ಟ ತುಣುಕೊಂದು ಸ್ವಿಚ್ಚಿನಂತೆ ಕಾದಿರುತ್ತದೆ. ಬೇರಿಗೆ ನೀರು ಸಾಲದಾದಾಗ ಗಿಡದೊಳಗೆ ಒಂದು ಹಾರ್ಮೋನು ಹೆಚ್ಚುತ್ತದೆ. ಅದರ ಸುದ್ದಿ ಮುಟ್ಟಿದೊಡನೆ ಸ್ವಿಚ್ಚು ಒತ್ತಿದಂತಾಗಿ ಜೀನ್ ಕೆಲಸಕ್ಕಿಳಿಯುತ್ತದೆ. ರೊಬಸ್ಟಾ ಕಾಫಿಯಲ್ಲಿ ಆ ತುಣುಕು ಯಾವುದೆಂಬುದೇ ಗಾನವಿಯ ಹುಡುಕಾಟ.

"ಅಂದ್ರೆ ಪಂಪ್‌ಹೌಸಿನ ವಾಲ್ವು," ಎಂದಿದ್ದಳು ಬೆಳ್ಳಿ.

"ಅದೇ ಅಕ್ಕ!" ಎಂದು ಗಾನವಿ ನಕ್ಕಿದ್ದಳು.

ಫೆಬ್ರವರಿಯ ಕೊನೆಗೆ ಆ ನಗು ಉಳಿದಿರಲಿಲ್ಲ. ಲ್ಯಾಬಿನಲ್ಲಿ ಪರೀಕ್ಷಿಸಿದ ಎರಡೂ ಸಾಲಿನ ಎಲೆಗಳ ಫಲಿತಾಂಶ ಒಂದೇ; ಒಣಸಾಲಿನ ಜೀನ್‌ಗಳೂ ತೆಪ್ಪಗಿದ್ದವು. ಇನ್ನು ಹನ್ನೆರಡು ದಿನಕ್ಕೆ ಹೂವಿಗಾಗಿ ತೋಟಕ್ಕೆಲ್ಲ ಸ್ಪ್ರಿಂಕ್ಲರ್ ಹಾಕುತ್ತಾರೆ. ಆಮೇಲೆ ಈ ವರ್ಷದ ಪ್ರಯೋಗ ಮುಗಿದಂತೆಯೇ.

"ಇವಳಿಗೆ ಗಿಡ ಅಂದ್ರೆ ಕರುಳು, ಮೇಡಂ. ಕದ್ದು ಕುಡಿಸಿರ್ತಾಳೆ," ಎಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪ.

"ಪಂಪಿನ ಕೀಲಿ ನಿಮ್ಮ ಸೊಂಟದಲ್ಲೇ ಇದೆಯಲ್ಲ ರೈಟ್ರೇ? ನಾನೇನು ಬಾಯಲ್ಲಿ ನೀರು ತಂದು ಉಗುಳಿದ್ನಾ?"

ಗಾನವಿ ಒಮ್ಮೆ ಆ ಕೀಲಿಯನ್ನು, ಒಮ್ಮೆ ಬೆಳ್ಳಿಯನ್ನು ನೋಡಿದಳು. ಬೆಳ್ಳಿಗೆ ಚುಚ್ಚಿದ್ದು ಆ ನೋಟವೇ. ಇಷ್ಟು ವರ್ಷಗಳಲ್ಲಿ ಅವಳ ಮಾತನ್ನು ಯಾರೂ ಹೀಗೆ ತೂಗಿ ನೋಡಿರಲಿಲ್ಲ.

ಅವಳು ನೇರ ಒಣಸಾಲಿಗೆ ನಡೆದು ಮೊದಲ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. ತರಗೆಲೆ ಸರಿಸಿ, ಬೆರಳಿಂದ ಕೆದಕಿ, ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದಳು. ಅದು ತಣ್ಣಗಿತ್ತು, ಉಂಡೆ ಕಟ್ಟಿತು. ಕಾಫಿ ಹಣ್ಣಿನ ಪಿಕಿಂಗ್ ಮುಗಿದೊಡನೆ ತರಗೆಲೆ ಗುಡಿಸಿ ಬುಡಕ್ಕೆ ಒಟ್ಟುವುದು ಅವಳ ಕೈಗೆ ಅಂಟಿದ ರೂಢಿ. ಯಾರೂ ಹೇಳಬೇಕಿರಲಿಲ್ಲ, ಬೇಡವೆಂದೂ ಯಾರೂ ಹೇಳಿರಲಿಲ್ಲ. ಆ ದಪ್ಪ ಹೊದಿಕೆಯ ಅಡಿಯಲ್ಲಿ ಹಳೆಯ ಮಳೆಯ ತೇವ ಹಾಗೇ ಉಳಿದಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳ್ಳಿ ಆ ಉಂಡೆಯನ್ನು ಗಾನವಿಯ ಅಂಗೈಗೆ ಇಟ್ಟಳು.

"ನೀರು ನಾನು ಹಾಕಿಲ್ಲ. ಇದ್ದ ನೀರು ಹೋಗೋಕೆ ಬಿಡಲಿಲ್ಲ. ತಪ್ಪು ನಂದೇ. ಹನ್ನೆರಡು ದಿನ ಸಾಕು, ನನಗೆ ಬಿಡಿ."

ಗಾನವಿ ಉಂಡೆಯನ್ನು ಒಮ್ಮೆ ಒತ್ತಿ ನೋಡಿದಳು. "ಪರೀಕ್ಷೆಗೆ ಎಲೆ ತೆಗೆಯೋ ದಿನ ನೀವೇ ಹೇಳಿ, ಅಕ್ಕ."

ಅದೇ ಸಂಜೆ ಇಪ್ಪತ್ತೂ ಬುಡಗಳು ಬರಿದಾದವು. ಬಿಸಿಲು ನೆಲಕ್ಕಿಳಿಯಿತು. ಎಂಟನೆಯ ದಿನ ಗಾನವಿ ಐಸ್ ಪೆಟ್ಟಿಗೆ ಹಿಡಿದು ಬಂದಾಗ ಬೆಳ್ಳಿ ತಲೆಯಾಡಿಸಿದಳು: "ಇವತ್ತು ಬೇಡ. ಮಧ್ಯಾಹ್ನ ಜೋತುಬಿದ್ದ ಎಲೆ ಬೆಳಗ್ಗೆ ಮತ್ತೆ ಎದ್ದು ನಿಲ್ತಾ ಇದೆ." ಹನ್ನೊಂದನೆಯ ದಿನ ಬೆಳಗಾದರೂ ಎಲೆಗಳು ಏಳಲಿಲ್ಲ. "ಈಗ ತೆಗೀರಿ," ಎಂದಳು.

ಕೊನೆಯ ಎಲೆ ಪೆಟ್ಟಿಗೆ ಸೇರಿದ ಮೇಲೆ ಅವಳು ಕುಶಾಲಪ್ಪನತ್ತ ತಿರುಗಿದಳು. "ನಾಳೆ ನಿಮ್ಮ ಕೀಲಿ ತಿರುಗಿಸಿ ರೈಟ್ರೇ. ಮೊದಲು ಈ ಸಾಲಿಗೆ."

ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟ ದಿನ ಗಾನವಿಯ ಫೋನು ಬಂತು: "ಅಕ್ಕ, ಒಣಸಾಲಿನಲ್ಲಿ ವಾಲ್ವು ತಿರುಗಿದೆ!"

"ತಿರುಗದೆ ಎಲ್ಲಿಗೆ ಹೋಗುತ್ತೆ?" ಎಂದಳು ಬೆಳ್ಳಿ. "ಬರೋ ಡಿಸೆಂಬರಿನಲ್ಲಿ ಸಾಲು ಗುರುತು ಹಾಕೋ ಮುಂಚೆ ನನ್ನನ್ನ ಒಂದು ಮಾತು ಕೇಳಿ."