ತುಂಬಿದ ಉಡಿ, ವಾಲಿದ ಫ್ರೇಮು

ತುಂಬಿದ ಉಡಿಯನ್ನು ಖಾಲಿ ಮಾಡಿ ಇನ್ನೊಮ್ಮೆ ತುಂಬಿ ಎಂದು ಯಾರಾದರೂ ಹೇಳುತ್ತಾರೆಯೇ?

ನಾನು ಹೇಳಿದೆ. ಮೂಡಲಗಿಯ ನನ್ನ ತವರುಮನೆಯ ಪಡಸಾಲೆಯಲ್ಲಿ, ನೆರೆದ ಹೆಣ್ಣುಮಕ್ಕಳೆಲ್ಲರ ಎದುರಿಗೆ. ಅದೂ ಸ್ವಂತ ಅಣ್ಣನ ಮಗಳ ಉಡಿಯ ವಿಷಯದಲ್ಲಿ. ಈಗಲೂ ಅದು ನೆನಪಾದರೆ ಒಬ್ಬಳೇ ಇದ್ದಾಗಲೂ ಮುಖ ಬಿಸಿಯಾಗುತ್ತದೆ.

ನನಗೆ ವಿಡಿಯೋ ಮಾಡುವ ಹುಚ್ಚಿದೆ ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ನನ್ನ ಕೈ ನಡುಗುತ್ತದೆ ಎಂಬುದು ಮನೆಯವರಿಗೆ ಗೊತ್ತು. ಕಳೆದ ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ತೂಗುಸೇತುವೆ ಮೇಲೆ ನಡೆಯುತ್ತ ತೆಗೆದ ನನ್ನ ವಿಡಿಯೋ ನೋಡಿ ವೈನಿ (ಅಣ್ಣನ ಹೆಂಡತಿ) ತಲೆ ತಿರುಗುತ್ತದೆಂದು ಟಿವಿ ಬಂದ್ ಮಾಡಿಸಿದ್ದರು. ಅದಕ್ಕೇ ಅವರ ಮಗಳು ಗೌರಿಯ ಮದುವೆ ಗೊತ್ತಾದಾಗ ಪಣ ತೊಟ್ಟೆ. ಈ ಮದುವೆ ಅಲುಗಾಡಬಾರದು!

ತರಿಸಿದೆ ಒಂದು ಸ್ಟೆಬಿಲೈಸರ್. ಕೈಯಲ್ಲಿ ಹಿಡಿಯುವುದಲ್ಲ, ಮೈಗೆ ತೊಡುವುದು. ಎದೆಗೂ ಸೊಂಟಕ್ಕೂ ಬೆಲ್ಟು ಬಿಗಿಯುವ ಜಾಕೆಟ್. ಅದರಿಂದ ಮುಂದಕ್ಕೆ ಚಾಚಿಕೊಳ್ಳುವ ಸ್ಪ್ರಿಂಗಿನ ತೋಳು. ತೋಳಿನ ತುದಿಯಲ್ಲಿ ನಿಂತ ಒಂದು ಕಂಬಿ. ಕಂಬಿಯ ಮೇಲೆ ಕ್ಯಾಮೆರಾ, ಕೆಳಗೆ ತೂಕದ ಬಿಲ್ಲೆಗಳು. ನೀವು ಓಡಿದರೂ ಕ್ಯಾಮೆರಾ ತೇಲುತ್ತದೆ ಎಂದು ಡಬ್ಬದ ಮೇಲೆ ಬರೆದಿದ್ದರು.

ತೇಲಲಿಲ್ಲ. ಮೊದಲ ದಿನ ಕ್ಯಾಮೆರಾ ತಲೆಕೆಳಗಾಗಿ ನನ್ನ ಮೊಣಕಾಲು ನೋಡಿತು. ಕೆಳಗೆ ಬಿಲ್ಲೆ ಹೆಚ್ಚಿಸಿದರೆ ತೊಟ್ಟಿಲಿನ ಹಾಗೆ ತೂಗಿತು. ಕಂಬಿಯನ್ನು ಅಡ್ಡ ಹಿಡಿದು ಬಿಟ್ಟರೆ ಅದು ಧಡಕ್ಕನೆ ಬೀಳಬಾರದು, ಮೆಲ್ಲಗೆ ಇಳಿದು ನೆಟ್ಟಗೆ ನಿಲ್ಲಬೇಕು. ಇಷ್ಟು ಸಾಧಿಸಲು ಎಷ್ಟೋ ಸಂಜೆಗಳು ಹೋದವು.

ಆಮೇಲೆ ಜಾಕೆಟ್ಟಿನ ಸರದಿ. ಭಾರವೆಲ್ಲ ಸೊಂಟದ ಮೇಲೆ ಕೂರಬೇಕು. ಜಾಕೆಟ್ ಕೊಂಚ ವಾಲಿದರೂ ತೋಳು ನಮ್ಮನ್ನು ಬಿಟ್ಟು ಓಡುತ್ತದೆ, ಇಲ್ಲವೇ ಮೈಮೇಲೆ ಬರುತ್ತದೆ. ಅದನ್ನು ಹದಕ್ಕೆ ತರಲು ಎದೆಯ ಹತ್ತಿರ ಸ್ಕ್ರೂಗಳಿವೆ. ಚೂರು ಆಚೆ, ಚೂರು ಈಚೆ. ಬೆನ್ನ ಹಿಂದಿನ ಪಟ್ಟಿ ಎಳೆಯುವ ಕೆಲಸ ನನ್ನ ಗಂಡನದು.

"ಖರೆ ಹೇಳ, ನಿನ್ನ ಕ್ಯಾಮೆರಾಕ್ಕ ಕಟ್ಟಾಕತ್ತೇನೋ, ಗಳೇಕ್ಕ ಹೂಡಾಕತ್ತೇನೋ?" ಎಂದು ಅವರು ನೇಗಿಲಿಗೆ ಎತ್ತು ಹೂಡುವವರಂತೆ ಪಟ್ಟಿ ಜಗ್ಗುತ್ತ ಕೇಳಿದರು.

ಅಂತೂ ಕಲಿತೆ. ಗೋಕಾಕದ ನಮ್ಮ ಮನೆಯ ಮೆಟ್ಟಿಲು ಹತ್ತಿ ಇಳಿದರೂ ಚಿತ್ರ ಅಲುಗದಷ್ಟು ಕಲಿತೆ. ಜಂಬವೂ ಬಂತು. (ಕಲಿತದ್ದೆಲ್ಲ ಚೂಡಿದಾರ ತೊಟ್ಟುಕೊಂಡು. ಇದು ನೆನಪಿರಲಿ.)

ಮದುವೆಯ ದಿನ ಸೋದರತ್ತೆ ಚೂಡಿದಾರದಲ್ಲಿ ಬರುವುದುಂಟೇ? ರೇಷ್ಮೆ ಸೀರೆ ಉಟ್ಟೆ. ಹೊಕ್ಕಳ ಹತ್ತಿರ ನಿರಿಗೆಗಳ ದೊಡ್ಡ ಗಂಟು, ಅದರ ಮೇಲೆ ಬೆಲ್ಟು. ಅಕ್ಕಿಕಾಳು (ಅಕ್ಷತೆ) ಬೀಳುವವರೆಗೆ ಎಲ್ಲ ಚೆನ್ನಾಗಿತ್ತು. ಊಟದ ಹೊತ್ತಿಗೆ ರೇಷ್ಮೆ ಜಾರಿತು, ಬೆಲ್ಟು ಮೇಲೇರಿತು, ಜಾಕೆಟ್ ಮುಂದಕ್ಕೆ ವಾಲಿತು. ಸ್ಕ್ರೂ ತಿರುಗಿಸಲು ಪುರಸೊತ್ತಾದರೂ ಎಲ್ಲಿ?

ಮಧ್ಯಾಹ್ನ ಕಳೆಯುತ್ತಲೇ ಗೌರಿಯನ್ನು ಹುಕ್ಕೇರಿ ಕಡೆಯ ಗಂಡನೂರು ಕಣಗಲಾಕ್ಕೆ ಕಳಿಸುವ ಹೊತ್ತು ಬಂತು. ಪಡಸಾಲೆಯಲ್ಲಿ ಅವಳು ಸೆರಗೊಡ್ಡಿ ನಿಂತಳು. ವೈನಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು ಒಂದೊಂದಾಗಿ ಹಾಕಿದರು. ಕಣ್ಣೀರು ಅಕ್ಕಿಯ ಮೇಲೇ ಬೀಳುತ್ತಿತ್ತು. ಉಡಿ ಮಡಚಿ ಮಗಳ ನಡುವಿಗೆ ಸಿಕ್ಕಿಸಿದರು. ಸರಿಯಾಗಿ ಆಗಲೇ ನನ್ನ ಸ್ಪ್ರಿಂಗಿನ ತೋಳು ಎಡಕ್ಕೆ ಓಡಿತು. ಫ್ರೇಮಿನಲ್ಲಿ ಉಳಿದದ್ದು ಗೋಡೆ ಮತ್ತು ಯಾರದೋ ಮೊಣಕೈ.

"ವೈನಿ, ಫ್ರೇಮ್ ವಾಲ್ತರಿ. ಉಡಿ ತಟ್ಟ್ಯಾಗ ಇಳಿಸಿ ಇನ್ನೊಮ್ಮೆ ತುಂಬ್ರಿ."

ನೆರೆದ ಹೆಣ್ಣುಮಕ್ಕಳೆಲ್ಲ ನನ್ನ ಕಡೆ ತಿರುಗಿದರು.

ತವರಿನಲ್ಲಿ ತುಂಬಿದ ಉಡಿಯನ್ನು ಗಂಡನ ಮನೆಯ ದೇವರ ಮುಂದೆಯೇ ಇಳಿಸಬೇಕು. ಇದು ನನಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಇದೇ ಪಡಸಾಲೆಯಲ್ಲಿ ಅವ್ವ ನನ್ನ ಉಡಿ ತುಂಬಿದ್ದಳು. ಗೋಕಾಕ ಮುಟ್ಟುವವರೆಗೆ ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದೆ, ಒಂದು ಕಾಳು ಉದುರಿದರೂ ಅವ್ವನೇ ಉದುರಿದಳೇನೋ ಎಂಬಂತೆ. ಅಂಥವಳ ಬಾಯಲ್ಲಿ ಬಂದ ಮಾತು ಅದು.

ವೈನಿ ಬೈದಿದ್ದರೆ ಬದುಕುತ್ತಿದ್ದೆ. ಗೌರಿ ನನ್ನ ಮಾತು ಮೀರದ ಹುಡುಗಿ. ಅವಳ ಕೈ ತಾನಾಗಿ ನಡುವಿಗೆ ಸಿಕ್ಕಿಸಿದ ಸೆರಗಿನ ಕಡೆ ಹೋಯಿತು. ವೈನಿ ಆ ಕೈಯ ಮೇಲೆ ತಮ್ಮ ಕೈಯಿಟ್ಟು ತಡೆದರು. ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು.

"ಸುಧಾ, ಅದನ್ನ ಬಿಚ್ಚಿಟ್ಟ ಬಾ. ಅತ್ತಿ ಉಡಿ ತುಂಬೂದು ಇನ್ನೂ ಐತಿ."

ನೋಡಿದರೆ, ಪಡಸಾಲೆಯ ಜಗಲಿಯ ಮೇಲೆ ನನ್ನ ಪಾಲಿನ ತಟ್ಟೆ ಸಿದ್ಧವಾಗಿತ್ತು.

ಬಿಚ್ಚಲು ಹೋದೆ. ಮೊದಲು ಕಂಬಿಯನ್ನು ಸ್ಟ್ಯಾಂಡಿಗೆ ಏರಿಸಬೇಕು, ಸ್ಟ್ಯಾಂಡು ಇನ್ನೊಂದು ಕೋಣೆಯಲ್ಲಿ. ಬೆನ್ನ ಪಟ್ಟಿ ಕೈಗೆ ಎಟುಕದು, ಗಂಡ ಹೊರಗೆ ಗಾಡಿಗೆ ಸಾಮಾನು ಏರಿಸುತ್ತಿದ್ದಾರೆ. ಬಕಲಿನಲ್ಲಿ ಸೀರೆ ಸಿಕ್ಕಿಕೊಂಡಿದೆ. ತೊಡುವುದನ್ನು ದಿನಗಟ್ಟಲೆ ಕಲಿತಿದ್ದೆ. ಬಿಚ್ಚುವ ಅವಸರ ಬರಬಹುದೆಂದು ಒಂದು ದಿನವೂ ಅನಿಸಿರಲಿಲ್ಲ.

ದೀಪ ಹಚ್ಚುವುದರೊಳಗೆ ಸೊಸೆ ಮನೆ ತುಂಬಬೇಕೆಂದು ಬೀಗರು ಅವಸರ ಮಾಡಿದರು. ಗೌರಿ ಬಂದು ನನ್ನ ಕಾಲಿಗೆ ಬಿದ್ದಳು. ನನಗೆ ಬಾಗಲು ಆಗಲಿಲ್ಲ. ಎರಡೂ ಕೈ ಕಂಬಿಯ ಮೇಲೆ. ಅವಳು ತಾನೇ ಎದ್ದು, ಉಡಿ ಹಿಡಿದುಕೊಂಡು ಗಾಡಿ ಹತ್ತಿದಳು.

ನಾನು ಜಾಕೆಟ್ ಕಳಚಿ ಪಡಸಾಲೆಗೆ ಬಂದಾಗ ತಟ್ಟೆ ಹಾಗೆಯೇ ಇತ್ತು. ವೈನಿ ಅದಕ್ಕೆ ಖಣದ ಬಟ್ಟೆ ಮುಚ್ಚಿ ಗೋಡೆಯಲ್ಲಿನ ದೇವರ ಮಾಡಿನಲ್ಲಿಟ್ಟರು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ತಾಳಿ ಕಟ್ಟುವ ವರನಿಗೆ "ಸ್ವಲ್ಪ ಇತ್ತ ನೋಡ್ರಿ" ಎನ್ನುವ ಫೋಟೋಗ್ರಾಫರನನ್ನು ಇದೇ ಅಂಕಣದಲ್ಲಿ ಗೇಲಿ ಮಾಡಿದವಳು ನಾನು. ನೀವೂ ನಕ್ಕಿದ್ದಿರಿ. ಅವನಾದರೂ ಹೊಟ್ಟೆಪಾಡಿಗೆ ಹೇಳುತ್ತಾನೆ. ನನಗೇನಾಗಿತ್ತು? ಮನೆಯ ಕಾರ್ಯಕ್ಕೆ ಹೋಗುವುದು ಅದರಲ್ಲಿ ಇರಲಿಕ್ಕೋ, ಆಮೇಲೆ ಟಿವಿಯಲ್ಲಿ ನೋಡಲಿಕ್ಕೋ?

ಮೊನ್ನೆ ಗೌರಿಗೆ ಫೋನ್ ಮಾಡಿದೆ. ವಿಡಿಯೋ (ಆ ಗೋಡೆ, ಮೊಣಕೈ ಕತ್ತರಿಸಿ ಕಳಿಸಿದ್ದೆ) ಕಣಗಲಾದವರಿಗೆ ಬಹಳ ಸೇರಿದೆಯಂತೆ, ಎಲ್ಲೂ ಅಲುಗಿಲ್ಲವಂತೆ. ನಾನು ಆ ಮಾತನ್ನು ಬೆಳೆಸಲಿಲ್ಲ. ತಪ್ಪಾಯಿತು, ಭಾನುವಾರ ತಟ್ಟೆ ತಂದು ನಿನ್ನ ಉಡಿ ತುಂಬಿ ಹೋಗುತ್ತೇನೆ ಎಂದೆ. ಬಾ ಅಂದಳು, ಖುಷಿಯಿಂದಲೇ ಅಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು.

"ನಾ ಕಾಲಿಗೆ ಬಿದ್ದಾಗ ನೀ ತಲಿ ಮ್ಯಾಲ ಕೈ ಇಡಲಿಲ್ಲ, ಅತ್ತಿ. ಅದೂ ಉಳದೈತಿ."