ಹಲ್ಲಿನ ಸುತ್ತ ಉಳಿದ ಮೂಳೆ

ತರಗತಿಯಲ್ಲಿ ಪಾಠ ಓದುತ್ತಿದ್ದಾಗ ಕೆಳದವಡೆಯ ಮುಂದಿನ ಹಲ್ಲೊಂದು ನಾಲಗೆ ತಾಗಿ ಅಲುಗಿತು. ಆಗ ನಾನು ಯಲ್ಲಾಪುರದ ಹೈಸ್ಕೂಲೊಂದರಲ್ಲಿ ಶಿಕ್ಷಕಿ, ಮೂವತ್ತು ದಾಟಿರಲಿಲ್ಲ. ಗಂಟೆ ಹೊಡೆಯುವವರೆಗೂ ಹಲ್ಲನ್ನು ಒತ್ತಿ ಒತ್ತಿ ನೋಡಿದೆ. ನೋವಿರಲಿಲ್ಲ. ಹೆದರಿಸಿದ್ದೇ ಅದು. ಆಯಿಗೂ, ಅಂದರೆ ನನ್ನ ಅಮ್ಮನಿಗೂ, ನೋವಿರಲಿಲ್ಲವಂತೆ.

ಆಯಿಯ ಬಾಯಲ್ಲಿ ಅವಳದೇ ಹಲ್ಲನ್ನು ನಾನು ಕಂಡವಳಲ್ಲ. ನಾನು ಮಾತು ಕಲಿಯುವ ಹೊತ್ತಿಗೇ ಎಲ್ಲ ಸಡಿಲಾಗಿ ಕೀಳಿಸಿಕೊಂಡಾಗಿತ್ತು. ಹಲ್ಲಿನ ಸೆಟ್ ಬಂದ ಮೇಲೂ ನಗುವಾಗ ಸೆರಗು ಬಾಯಿಗೆ ಹೋಗುವುದು ತಪ್ಪಲಿಲ್ಲ.

ಶಿರಸಿಯ ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ನಾಲ್ಕು ಹಲ್ಲಿನ ಸುತ್ತ ಮೂಳೆ ಕರಗಿದೆ. ಆದರೆ ಇದು ಚಪ್ಪಟೆ ಚಿತ್ರ. ಹಲ್ಲಿನ ಮುಂದೆ, ಹಿಂದೆ ಎಷ್ಟು ಉಳಿದಿದೆ ಅಂತ ಇದರಲ್ಲಿ ಕಾಣೂದಿಲ್ಲ. ಹುಬ್ಬಳ್ಳಿಗೆ ಹೊಸ ಮಷಿನ್ ಬಂದಿದೆ, ದವಡೆಯನ್ನ ಸುತ್ತಲಿಂದ ತೆಗೀತದೆ. ಅದರಲ್ಲಿ ಮೂಳೆ ಅಳೆದ ಮೇಲೇ ಕೀಳೂದೋ ಉಳಿಸೂದೋ ಹೇಳ್ತೇನೆ."

ಆಯಿ ಇರುವ ನಮ್ಮೂರು ತ್ಯಾಗಲಿಗೆ ಫೋನ್ ಮಾಡಿದೆ. ವಿಷಯ ಕೇಳಿದ ಕೂಡಲೇ ಆಯಿಗೆ ತನ್ನ ಬಾಯಿಯೇ ನೆನಪಾಯಿತು.

"ಎನ್ನ ಹಂಗೇ ಆತನೇ, ಕೂಸೆ?"

"ಗೊತ್ತಿಲ್ಲೆ ಆಯಿ."

ಮರುದಿನವೇ ಬಸ್ಸು ಹಿಡಿದು ಬಂದಳು. ಹುಬ್ಬಳ್ಳಿಗೆ ಹೋಗುವಾಗ ದಾರಿಯುದ್ದಕ್ಕೂ ಹಲ್ಲಿನ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿದಳು. ಚಕ್ಕುಲಿ ತಂದಿದ್ದಳು, ನಾನು ಮುಟ್ಟದಿದ್ದುದನ್ನು ನೋಡಿ ಡಬ್ಬಿ ಚೀಲಕ್ಕೆ ಸೇರಿಸಿದಳು.

ಅಲ್ಲಿ ಗದ್ದವನ್ನು ಒಂದು ಪಟ್ಟಿಯ ಮೇಲಿಟ್ಟು, ಪ್ಲಾಸ್ಟಿಕ್ ತುಂಡು ಕಚ್ಚಿ ನಿಲ್ಲಬೇಕಿತ್ತು. ಅಲುಗುವ ಹಲ್ಲಿನಿಂದ ಕಚ್ಚಲು ಧೈರ್ಯ ಸಾಲಲಿಲ್ಲ.

"ಅಲ್ಲಾಡಬ್ಯಾಡ್ರಿ ಮೇಡಂ. ಉಗುಳೂ ನುಂಗಬ್ಯಾಡ್ರಿ," ಎಂದು ಹೇಳಿ ಅಲ್ಲಿನ ಹುಡುಗಿ ಬಾಗಿಲು ಹಾಕಿಕೊಂಡಳು.

ಮಷಿನ್ ನನ್ನ ತಲೆಯ ಸುತ್ತ ತಿರುಗತೊಡಗಿತು. ಆ ಕ್ಷಣವೇ ಗಂಟಲಲ್ಲಿ ಉಗುಳು ತುಂಬಿತು. ನುಂಗಿದರೆ ಚಿತ್ರ ಕೆಡುತ್ತದೆ, ಕೆಟ್ಟ ಚಿತ್ರದಲ್ಲಿ ಇರುವ ಮೂಳೆಯೂ ಇಲ್ಲವೆಂದು ಕಂಡರೆ? ಕಣ್ಣಲ್ಲಿ ನೀರು ಬಂದರೂ ನುಂಗಲಿಲ್ಲ.

ಹುಬ್ಬಳ್ಳಿಯವರು ಕೊಟ್ಟ ಸಿ.ಡಿ.ಯನ್ನು ಶಿರಸಿಯ ಡಾಕ್ಟರಮ್ಮ ಕಂಪ್ಯೂಟರಿಗೆ ಹಾಕಿದರು. ನನ್ನ ದವಡೆ ಬ್ರೆಡ್ಡಿನ ಹೋಳುಗಳಂತೆ ಒಂದೊಂದೇ ತೆರೆದುಕೊಂಡಿತು. ಬೇರಿನ ತುದಿಯಿಂದ ಮೂಳೆಯ ಅಂಚಿನವರೆಗೆ ಗೆರೆ ಎಳೆದರು, ಅಳತೆ ನೋಡಿದರು, ಮತ್ತೊಂದು ಹೋಳಿಗೆ ಹೋದರು. ಆಯಿ ನನ್ನ ಮುಂಗೈ ಹಿಡಿದುಕೊಂಡಿದ್ದಳು.

"ಈ ಒಂದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಇದನ್ನ ತೆಗೀಬೇಕು," ಎಂದರು ಕೊನೆಗೆ. "ಉಳಿದ ಮೂರರ ಪಕ್ಕ ಗುಂಡಿ ಬಿದ್ದಿದೆ, ಆದರೆ ಸುತ್ತಲಿನ ಗೋಡೆ ಗಟ್ಟಿ ಇದೆ. ವಸಡು ಬಿಡಿಸಿ, ಗುಂಡಿಗೆ ಮೂಳೆಯ ಪುಡಿ ತುಂಬಿ ಹೊಲಿದರೆ ನಿಂತಾವು."

ಆಯಿ ಪರದೆಯನ್ನೇ ನೋಡುತ್ತಿದ್ದಳು. "ಆಗ ಇದು ಇದ್ದಿದ್ರೆ ನನ್ನ ಹಲ್ಲೂ ಉಳೀತಿತ್ತಾ?"

ಡಾಕ್ಟರಮ್ಮ ಪರದೆ ಬಿಟ್ಟು ಆಯಿಯ ಕಡೆ ತಿರುಗಿದರು. "ಹೇಳೂದು ಕಷ್ಟ ಅಮ್ಮಾ. ಕೆಲವಾದರೂ ಉಳೀತಿದ್ವೇನೋ."

ಆಯಿ ತಲೆಯಾಡಿಸಿದಳು. "ಇರಲಿ. ಇವಳದ್ದು ಬೇಗ ಮಾಡಿ."

ಹಲ್ಲು ತೆಗೆದದ್ದು, ಹೊಲಿಗೆ ಹಾಕಿದ್ದು ಎರಡೂ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಆಮೇಲಿನ ತಿಂಗಳುಗಳು. ಬೆಳಿಗ್ಗೆ ಎದ್ದ ಕೂಡಲೇ ನಾಲಗೆ ಅಲ್ಲಿಗೇ ಹೋಗುತ್ತಿತ್ತು. ಗಂಜಿಯನ್ನೂ ಹೆದರುತ್ತ ತಿಂದೆ. ಮತ್ತೆ ಎಕ್ಸ್‌ರೇ ತೆಗೆದಾಗ ಗುಂಡಿಯ ಜಾಗದಲ್ಲಿ ತೆಳ್ಳಗೆ ಹೊಸ ಮೂಳೆಯ ಬಿಳಿ ಮೂಡಿತ್ತು. ಮೂರೂ ಹಲ್ಲು ಇವತ್ತಿಗೂ ಇವೆ. ಆದರೂ ತಪಾಸಣೆಗೆಂದು ಶಿರಸಿಯ ಬಸ್ಸು ಹತ್ತಿದರೆ ನಾಲಗೆ ಮತ್ತೆ ಆ ಹಲ್ಲುಗಳನ್ನೇ ತಡವುತ್ತದೆ, ಮನೆಗೆ ಮರಳುವ ಮೊದಲೇ ಆಯಿಯ ಫೋನ್ ಬರುತ್ತದೆ:

"ಹಲ್ಲು ಗಟ್ಟಿ ಇದ್ದನೇ, ಕೂಸೆ?"