ಮೇಲಿನ ಮನೆಯ ವೈನಿಯ ಟೊಮೆಟೊ ಬುಟ್ಟಿಗಳು

ಅವಳ ಬಲ ಮೊಣಕೈಯ ಕೆಳಗೆ ಹುಣಸೆ ಬೀಜದಷ್ಟು ದೊಡ್ಡ ಸುಟ್ಟ ಕಲೆಯೊಂದಿತ್ತು. ಏಳು ವರ್ಷ ನಾನು ಅವಳನ್ನು ಕೆಳಗಿನಿಂದಲೇ ನೋಡಿದ್ದರಿಂದ ಆ ಕಲೆ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಆರೂವರೆಗೆ ಮೇಲಿನ ಬಾಲ್ಕನಿಯ ಕಂಬಿಯಾಚೆ ಹಸಿರು ಗಾಜಿನ ಬಳೆ ತುಂಬಿದ ಆ ಕೈ ಚಾಚಿಕೊಳ್ಳುತ್ತಿತ್ತು. ಹಿತ್ತಾಳೆ ತಂಬಿಗೆ ವಾಲುತ್ತಿತ್ತು. ತೂಗುಬುಟ್ಟಿಯ ಟೊಮೆಟೊ ಎಲೆಗಳ ಮೇಲೆ ಕೂತ ಕೆಂಪು ಧೂಳನ್ನು ತೊಳೆದ ನೀರು ನಾನು ಆಗಷ್ಟೇ ಒಗೆದು ಹರವಿದ ಸೀರೆಯ ಮೇಲೆ ಬೀಳುತ್ತಿತ್ತು. ನೀರು ಎಲ್ಲಿ ಬೀಳುತ್ತದೆಂದು ಒಂದು ದಿನವೂ ಅವಳು ಬಗ್ಗಿ ನೋಡಲಿಲ್ಲ.

ಮುರ್ಮುಗಾಂವ್ ಬಂದರಿನ ಮೇಲಿನ ಗುಡ್ಡದಲ್ಲಿತ್ತು ನಮ್ಮ ಕಟ್ಟಡ. ಹಡಗಿಗೆ ಅದಿರು ತುಂಬುವ ದಿನ ಕಿಟಕಿ ಮುಚ್ಚಿದರೂ ರೊಟ್ಟಿಯ ಹಿಟ್ಟು ಕೆಂಪಾಗುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಧಾರವಾಡದಿಂದ ಮದುವೆಯಾಗಿ ಅಲ್ಲಿಗೆ ಬಂದೆ. ನನ್ನ ಗಂಡ ಹಡಗಿನ ಏಜೆಂಟರೊಬ್ಬರ ಕಚೇರಿಯಲ್ಲಿ ಗುಮಾಸ್ತರು. ಅವಳ ಗಂಡ ಅದೇ ಕಚೇರಿಯ ಮ್ಯಾನೇಜರು, ಎಲ್ಲರ ಬಾಯಲ್ಲಿ ಸಾಹೇಬರು. ಹಾಗಾಗಿ ಅವಳು ಎಲ್ಲರಿಗೂ ವೈನಿ, ಅಂದರೆ ಅತ್ತಿಗೆ. ಎದುರಿಗೆ ನಾನೂ "ಹೌದ್ರಿ ವೈನಿ, ಬರ್ತೇನ್ರಿ ವೈನಿ" ಎಂದು ತಲೆ ಬಾಗಿಸಿದವಳೇ. ಬರೆಯುವಾಗ ಮಾತ್ರ ಅವಳು ಎಂದೇ ಬರೆಯುತ್ತೇನೆ. ಅಷ್ಟು ಸೇಡಾದರೂ ನನ್ನ ಪಾಲಿಗಿರಲಿ.

ಆ ಟೊಮೆಟೊ ಯಾರ ಮನೆಯಲ್ಲೂ ಇರಲಿಲ್ಲ. ಯಾವುದೋ ದೇಶದ ಹಡಗಿನ ಅಡುಗೆಯವನು ಸಾಹೇಬರಿಗೆ ಒಂದು ಪೊಟ್ಟಣ ಬೀಜ ಕೊಟ್ಟು ಹೋಗಿದ್ದನಂತೆ. ಗಿಡ ಮೇಲಕ್ಕೆ ಏಳುತ್ತಲೇ ಇರಲಿಲ್ಲ. ಬುಟ್ಟಿಯ ಅಂಚು ದಾಟಿ ಸೀದಾ ಕೆಳಕ್ಕೆ ಜೋತು ಬಿದ್ದು, ಬೋರೆಹಣ್ಣಿನಷ್ಟು ಸಣ್ಣ ಕೆಂಪು ಹಣ್ಣುಗಳನ್ನು ಗೊಂಚಲು ಗೊಂಚಲಾಗಿ ಬಿಡುತ್ತಿತ್ತು. ತಂತಿಯ ನಾಲ್ಕು ಬುಟ್ಟಿಗಳಿಗೆ ಒಳಗೆ ತೆಂಗಿನ ನಾರು ಹಾಸಿ, ಮಣ್ಣು ತುಂಬಿ, ಅವಳು ಕಂಬಿಯ ಹೊರಗೆ ತೂಗುಹಾಕಿದ್ದಳು. ಬಳ್ಳಿಗಳು ನಮ್ಮ ಬಾಲ್ಕನಿಗೆ ತೋರಣ ಕಟ್ಟಿದಂತೆ ಇಳಿಬಿದ್ದಿರುತ್ತಿದ್ದವು.

ಆ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹತ್ತೆಂಟು ಹಣ್ಣು ನಮ್ಮ ಬಾಲ್ಕನಿಗೆ ಉದುರಿ ಬಿದ್ದವು. ನನಗಾಗ ಇಪ್ಪತ್ತೆರಡು ವರ್ಷ, ಬುದ್ಧಿ ಅದಕ್ಕಿಂತ ಕಡಿಮೆ. ಆರಿಸಿ, ಹುರಿದು, ಶೇಂಗಾ ಹಾಕಿ ಚಟ್ನಿ ಅರೆದೆ. ಅರ್ಧ ಬಟ್ಟಲನ್ನು ನಾನೇ ಮೇಲೆ ಒಯ್ದು ಕೊಟ್ಟೆ.

"ಭಾಳ ಚಲೋ ಆಗೇತವಾ ತಂಗಿ. ಎಲ್ಲಿ ಹಣ್ಣು ಇವು?" ಎಂದಳು ಬೆರಳು ನೆಕ್ಕುತ್ತ.

"ನಿಮ್ಮ ಬುಟ್ಟಿಯವರಿ ವೈನಿ. ನಮ್ಮ ಕಡೆ ಉದುರಿದ್ದುವು."

"ಹೌದೇನು? ಚಲೋ ಆತು ಬಿಡು" ಎಂದು ನಕ್ಕಳು. ಆ ನಗೆಯನ್ನು ನಾನು ನಂಬಿದೆ.

ಮುಂದಿನ ವಾರ ಅವಳ ಮನೆಯಲ್ಲಿ ಸಂಕ್ರಾಂತಿಯ ಅರಿಶಿನ ಕುಂಕುಮ. ಬಂದರಿನ ಊರಾದ ವಾಸ್ಕೊದಲ್ಲಿದ್ದ ನಮ್ಮ ಕಡೆಯ ಹೆಂಗಸರು ಹದಿನೈದು ಮಂದಿ ಸೇರಿದ್ದರು. ಕೈಗೆ ಸಕ್ಕರೆ ಪಾಕದ ಕುಸರೆಳ್ಳು ಹಾಕಿ ಒಳ್ಳೆಯ ಮಾತಾಡುವ ಹಬ್ಬ ಅದು. ಯಾರೋ ಅವಳ ಬುಟ್ಟಿಗಳನ್ನು ಹೊಗಳಿದರು. ಅವಳು ನನ್ನ ಹಣೆಗೆ ಕುಂಕುಮ ಹಚ್ಚುತ್ತಲೇ ಹೇಳಿದಳು: "ಏನ್ ಮಾಡೋದ್ರೆವಾ, ಮ್ಯಾಲ ಹಣ್ಣ ಆಗತಾವು, ಕೆಳಗ ಚಟ್ನಿ ಆಗತಾವು. ಇನ್ನ ಮ್ಯಾಲ ಎಣಿಸಿ ಇಡಬೇಕು. ನಮ್ಮ ಕೆಳಗಿನ ಮನಿಯವರ ಕೈ ಭಾಳ ಉದ್ದ."

ಹದಿನೈದು ಮಂದಿಯೂ ನಕ್ಕರು. ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕವರೂ ಇದ್ದರು. ನನ್ನ ಕೈಯಲ್ಲಿ ಕುಸರೆಳ್ಳು ಹಾಗೇ ಇತ್ತು, ಬೆವರಿಗೆ ಅಂಟಿಕೊಂಡು ಕರಗುತ್ತಿತ್ತು. ಆ ದಿನದಿಂದ ಯಾರ ಮನೆಗೆ ಹೋದರೂ ಒಬ್ಬರಾದರೂ "ಟಮಾಟಿ ಒಳಗ ಇಡ್ರೆವಾ, ಬಂದ್ರು" ಎನ್ನುವುದು ರೂಢಿಯಾಯಿತು. ತಮಾಷೆಗೇ ಅನ್ನುತ್ತಿದ್ದರು. ಆದರೆ ತವರಿನಿಂದ ಒಂದು ಚಮಚವನ್ನೂ ಕೇಳದೆ ತಂದವಳಲ್ಲ ನಾನು. ಪರ ಊರಿನಲ್ಲಿ ನನಗೆ ಸಿಕ್ಕ ಮೊದಲ ಹೆಸರು ಕಳ್ಳಿ ಎಂದಾಯಿತು.

ಗಂಡನ ಮುಂದೆ ಹೇಳಿಕೊಂಡು ಅತ್ತುಬಿಟ್ಟೆ. "ಸಾಹೇಬ್ರ ಮನಿಯವರು ಅವರು. ಚ್ಯಾಷ್ಟಿ ಮಾಡ್ಯಾರ, ಬಿಟ್ಟಬಿಡು" ಎಂದು ಅವರು ಪೇಪರು ಓದಿದರು.

ನಾನು ಬಿಡಲಿಲ್ಲ. ಮುಂದಿನ ವಾರವೇ ಅವಳು ಸಂತೆಗೆ ಹೋದ ಹೊತ್ತಿನಲ್ಲಿ ಸ್ಟೂಲು ಹತ್ತಿ, ನಮ್ಮ ಕಡೆ ಇಳಿದಿದ್ದ ಬಳ್ಳಿಯಿಂದ ತುಂಬಾ ಹಣ್ಣಾದ ಮೂರನ್ನು ಕಿತ್ತುಕೊಂಡೆ. ಕಳ್ಳಿ ಎಂದು ಕರೆಸಿಕೊಂಡ ಮೇಲೆ ಕದಿಯದೇ ಇರುವುದು ನಷ್ಟ ಎನಿಸಿತ್ತು. ಬೀಜ ತೊಳೆದು, ಪೇಪರಿನ ಮೇಲೆ ಒಣಗಿಸಿ, ಪೊಟ್ಟಣ ಕಟ್ಟಿ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಅವಳಿಗಿಂತ ಹೆಚ್ಚು ಹಣ್ಣು ಬೆಳೆಯಬೇಕು, ಆ ಹದಿನೈದು ಮಂದಿ ನನ್ನ ಬಾಲ್ಕನಿಯಲ್ಲಿ ನಿಂತು ಅದನ್ನು ನೋಡಬೇಕು. ಬೇರೆ ಯಾವ ಆಸೆಯೂ ಆಗ ನನಗಿರಲಿಲ್ಲ.

ಗಿಡ ನೆಡುವುದು ನನಗೆ ಗೊತ್ತೇ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ಮೂರು ಬುಟ್ಟಿ ತಂದೆ. ನಾರು ಹಾಸದೆ ಮಣ್ಣು ತುಂಬಿದೆ. ನೀರು ಹಾಕಿದ ಕೂಡಲೇ ಅರ್ಧ ಮಣ್ಣು ಬೀದಿಗೆ ಹೋಯಿತು. ಎರಡನೇ ಸಲ ಸರಿಯಾಯಿತು. ಸಸಿ ಗೇಣುದ್ದ ಆದಾಗ ಮೇಲಿನಿಂದ ದನಿ ಬಂತು. ಅವಳು ಮೊದಲ ಸಲ ಬಗ್ಗಿ ನೋಡಿದ್ದಳು. ಬೀಜ ಎಲ್ಲಿಯದು ಎಂದು ಕೇಳಲಿಲ್ಲ.

"ತಂಗಿ, ಎಲಿ ಸಂದ್ಯಾಗ ಚಿಗರ ಬರತಾವಲ್ಲ, ಒಂದನೂ ಬಿಡಬ್ಯಾಡ. ಎಲ್ಲಾ ಚಿವುಟಿ ಒಗಿ. ಆಮ್ಯಾಲ ನೋಡು, ಹಣ್ಣು ಹೆಂಗ ಬರತಾವು."

ಅವಳಿಗೆ ಪಶ್ಚಾತ್ತಾಪವಾಗಿದೆ ಎಂದು ನಾನು ಹಿಗ್ಗಿದೆ. ಮೂರು ತಿಂಗಳು ದಿನಾ ಬೆಳಿಗ್ಗೆ ಚಿವುಟಿದೆ. ಉಗುರು ಹಸಿರಾಗಿ, ಎಷ್ಟು ತೊಳೆದರೂ ಆ ಒಗರು ವಾಸನೆ ಹೋಗುತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮೂರು ಬುಟ್ಟಿಯಲ್ಲಿ ಮೂರು ಬೋಳು ಬಳ್ಳಿ ನೇತಾಡುತ್ತಿದ್ದವು. ಹಣ್ಣು ಒಟ್ಟು ಒಂಬತ್ತು. ಹೆಂಗಸರು ಮೇಲೆ ಅವಳ ಮನೆಗೆ ಹೋಗುವ ಮೊದಲು ನೋಡಿ ಹೋದರು. ಈ ಸಲ ಅವಳೇನೂ ಅನ್ನಲಿಲ್ಲ, ಅನ್ನುವ ಅಗತ್ಯವೇ ಇರಲಿಲ್ಲ.

ಆಗ ನಾನು ಅವಳ ಕೈಯನ್ನು ನೋಡತೊಡಗಿದೆ. ಬಾಲ್ಕನಿಯಲ್ಲಿ ಕಾಳು ಆರಿಸುವ ನೆಪದಲ್ಲಿ ಕೂತು, ತಲೆಯೆತ್ತಿ, ದಿನಾ. ಆ ಕೈ ಒಂದು ಚಿಗುರನ್ನೂ ಚಿವುಟುತ್ತಿರಲಿಲ್ಲ! ಈ ಜಾತಿಯ ಟೊಮೆಟೊ ಸಂದಿಯ ಚಿಗುರಿನಲ್ಲೇ ಹೂ ಬಿಡುತ್ತದೆ, ಅದನ್ನು ಚಿವುಟಿದರೆ ಫಸಲನ್ನೇ ಚಿವುಟಿದಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಉರಿಯುತ್ತಲೇ ಕಲಿತೆ. ಬಿಸಿಲು ಏರುವ ಮೊದಲು ಎಲೆಯ ಅದಿರು ಧೂಳು ತೊಳೆಯುತ್ತಿದ್ದಳು. ಬುಟ್ಟಿಯನ್ನು ದಿನಕ್ಕೆ ಸ್ವಲ್ಪ ತಿರುಗಿಸಿ ಎಲ್ಲ ಮಗ್ಗುಲಿಗೂ ಬಿಸಿಲು ತಾಗಿಸುತ್ತಿದ್ದಳು. ಸಮುದ್ರದ ಗಾಳಿ ಬುಟ್ಟಿಯನ್ನು ಬೇಗ ಒಣಗಿಸುತ್ತದೆಂದು ಸಂಜೆಯೂ ಬೆರಳಿಟ್ಟು ಮಣ್ಣು ಮುಟ್ಟಿ, ಬೇಕಾದರಷ್ಟೇ ನೀರು ಹಾಕುತ್ತಿದ್ದಳು. ಅಕ್ಕಿ ತೊಳೆದ ನೀರು ವಾರಕ್ಕೊಮ್ಮೆ. ಬಾಯಿಂದ ಅವಳು ಕಲಿಸಿದ್ದು ಸುಳ್ಳು, ಕೈಯಿಂದ ಕಲಿಸಿದ್ದು ಖರೇ.

ಮರುವರ್ಷ ನನ್ನ ಮೂರು ಬುಟ್ಟಿಗಳೂ ತುಂಬಿ ಸುರಿದವು. ಅದರ ಮರುವರ್ಷ ಐದಾದವು. ಆದರೆ ಮೇಲೆ ಅವಳವೂ ತುಂಬಿ ಸುರಿಯುತ್ತಿದ್ದವು. ಬಂದವರು "ಮ್ಯಾಲಿನವರನ್ನ ನೋಡಿ ಕಲ್ತಿ ಬಿಡು" ಎನ್ನುತ್ತಿದ್ದರು. ಅದು ಖರೆಯೂ ಆಗಿದ್ದರಿಂದ ನನಗೆ ಇನ್ನಷ್ಟು ಸಿಟ್ಟು.

ಕಾದೆ. ಐದನೆಯ ವರ್ಷ ಅವಳು ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗಿ ಮಳೆಗಾಲವೆಲ್ಲ ಅಲ್ಲೇ ಇದ್ದಳು. ಬಂದ ಮೂರನೆಯ ದಿನ ನಮ್ಮ ಮನೆ ಬಾಗಿಲು ತಟ್ಟಿದಳು. ಅವಳು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ದಪ್ಪ ಮೈ, ಮೆಟ್ಟಿಲಿಳಿದ ದಣಿವಿಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ತಂಗಿ, ನನ್ನ ಬೀಜ ಎಲ್ಲಾ ಮಳ್ಯಾಗ ಬೂಜ ಹಿಡದು ಕೆಟ್ಟ ಹ್ವಾದವು. ನಿನ್ನ ಹತ್ರ ಇದ್ರ ನಾಕ ಕಾಳ ಕೊಡ್ತಿಯೇನವಾ?"

ಕದ್ದವಳ ಹತ್ತಿರ ಬೇಡುವುದಕ್ಕೆ ಬಂದಿದ್ದಳು. ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. "ಅದಕ್ಕೇನ್ರಿ ವೈನಿ, ಕೂಡ್ರಿ. ಚಹಾ ಮಾಡ್ತೇನಿ" ಎಂದು ಒಳಗೆ ಹೋದೆ. ಬೆಳಗಾವಿಯಿಂದ ಲಾರಿಯಲ್ಲಿ ಬರುವ ಸಂತೆಯ ದಪ್ಪ ಟೊಮೆಟೊದ ಬೀಜವನ್ನೂ ನಾನು ಆ ವರ್ಷ ಒಣಗಿಸಿಟ್ಟಿದ್ದೆ, ಕೆಳಗಿನ ಅಂಗಳದಲ್ಲಿ ಹಾಕಲೆಂದು. ಆ ಪೊಟ್ಟಣ ತಂದು ಅವಳ ಅಂಗೈಗೆ ಸುರಿದೆ. ಅವಳು ಒಂದು ಗಳಿಗೆ ಬೀಜಗಳನ್ನೇ ನೋಡಿದಳು, ಹೆಬ್ಬೆರಳಿನಿಂದ ಸರಿಸಿದಳು, ಮುಷ್ಟಿ ಮುಚ್ಚಿದಳು.

"ಭಾಳ ಉಪಕಾರ ಆತವಾ" ಎಂದಳು.

ಆ ಚಳಿಗಾಲದ ಮೂರು ತಿಂಗಳು ನನ್ನ ಜೀವನದ ಹಬ್ಬ. ಅವಳು ದಿನಾ ತೊಳೆದಳು, ತಿರುಗಿಸಿದಳು, ಬೆರಳಿಟ್ಟು ನೋಡಿದಳು. ಗಿಡಗಳು ಮಾತ್ರ ಕೋಲಿನಂತೆ ಮೇಲಕ್ಕೆ ನೆಟ್ಟಗೆ ನಿಂತವು. ಕಾಯಿ ಕಟ್ಟುವ ಹೊತ್ತಿಗೆ ತೂಕ ತಾಳದೆ ಬುಟ್ಟಿ ವಾಲಿ, ಎರಡು ಗಿಡ ಬುಡಕ್ಕೇ ಮುರಿದವು. ಸಂಕ್ರಾಂತಿಗೆ ಹೆಂಗಸರು ಅವಳ ಬಾಲ್ಕನಿಗೆ ಹೋಗಿ ಮುಖ ಮುಖ ನೋಡಿಕೊಂಡರು. "ವೈನಿ, ಈ ಸಲ ನಿಮ್ಮ ಟಮಾಟಿ ಸಿಪಾಯಿಗತೆ ನಿಂತಾವಲ್ರಿ!" ಎಂದಳು ಒಬ್ಬಳು. ಎಲ್ಲರೂ ನಕ್ಕರು. ಅಲ್ಲಿಂದ ಅವರೆಲ್ಲ, ಜೊತೆಗೆ ಅವಳೂ, ಕೆಳಗೆ ನಮ್ಮ ಮನೆಗೆ ಬಂದರು. ನನ್ನ ಬುಟ್ಟಿಗಳು ಕೆಂಪಗೆ ಜೋತಾಡುತ್ತಿದ್ದವು. ನಾನು ಅವಳ ಕಿವಿಗೆ ಬೀಳುವ ಹಾಗೆ ಹೇಳಿದೆ: "ಬೇಕಾದಷ್ಟ ಹರಕೊಳ್ರೀ. ನಮ್ಮ ಮನ್ಯಾಗ ಎಣಿಸಿ ಇಡೂದಿಲ್ಲ." ಅವಳು ತಲೆ ತಗ್ಗಿಸಿ ಬಳೆ ಸರಿಮಾಡಿಕೊಂಡಳು. ಆ ರಾತ್ರಿ ನನಗೆ ಮದುವೆಯಾಗಿ ಬಂದಾಗಿನಿಂದ ಬಾರದಂಥ ನಿದ್ದೆ ಬಂತು.

ಎರಡು ವರ್ಷದ ಮೇಲೆ ಸಾಹೇಬರು ನಿವೃತ್ತರಾಗಿ ಧಾರವಾಡಕ್ಕೆ ಹೊರಟರು. ಸಾಮಾನು ತುಂಬಿದ ಟೆಂಪೊ ಕೆಳಗೆ ನಿಂತಿತ್ತು. ಅವಳು ಮೆಟ್ಟಿಲಿಳಿಯುತ್ತ ನಮ್ಮ ಬಾಗಿಲ ಮುಂದೆ ನಿಂತು, ಕುಂಕುಮ ಹಚ್ಚಿಸಿಕೊಂಡು, ದನಿ ಏರಿಸದೆ ಹೇಳಿದಳು:

"ಅವು ಬೆಳಗಾವಿ ಟಮಾಟಿ ಬೀಜ ಅಂತ ಅಂಗೈಯಾಗ ಬಿದ್ದಾಗನ ಗೊತ್ತಾಗಿತ್ತವಾ ನನಗ. ನಮ್ಮವು ಸಣ್ಣವು. ಇವು ಎರಡ ಪಟ್ಟು ಇದ್ದವು."

ಕುಂಕುಮದ ಬಟ್ಟಲು ಹಿಡಿದೇ ಕೇಳಿದೆ: "ಮತ್ತ ಯಾಕ ಹಚ್ಚಿದ್ರಿ?"

"ಹಚ್ಚದಿದ್ರ ನಿನ್ನ ಸಿಟ್ಟ ಹೆಂಗ ಇಳೀತಿತ್ತು? ಹದಿನೈದು ಮಂದ್ಯಾಗ ನಿನಗ ಕಳ್ಳಿ ಅಂದಿದ್ದೆ. ಅಷ್ಟ ಮಂದಿನೂ ನನ್ನ ನೋಡಿ ನಗೂ ಹಂಗ ನೀ ಮಾಡಬೇಕಿತ್ತು. ನಗಸಿದಿ. ಮುಗೀತು."

ಕೆಳಗೆ ಹಾರ್ನ್ ಆಯಿತು. ಅವಳು ಕಂಬಿ ಹಿಡಿದು ಇಳಿದುಹೋದಳು.

ಮುಗೀತು ಎನ್ನಲು ಇವಳು ಯಾರು? ನಾಲ್ಕು ವರ್ಷ ಕಾದು ತೀರಿಸಿಕೊಂಡ ಸೇಡು ನನ್ನದೆಂದುಕೊಂಡಿದ್ದೆ. ಅದನ್ನು ಅವಳು ಮೂರು ತಿಂಗಳು ನೀರು ಹಾಕಿ ಬೆಳೆಸಿ, ಹಣ್ಣು ಕೊಟ್ಟಂತೆ ನನ್ನ ಕೈಗೆ ಕೊಟ್ಟಿದ್ದಳು! ಟೆಂಪೊ ಹೋದ ಮೇಲೆ ನನಗೆ ನೂರು ಮಾತು ಹೊಳೆದವು. ಚಿವುಟಿಸಿ ಕೆಡಿಸಿದ ಒಂದು ವರ್ಷದ ಮಾತು ಎಲ್ಲಿ ಹೋಯಿತು ಎಂದು ಕೇಳಬೇಕಿತ್ತು. ಅದನ್ನು ನಾನು ಮರೆತಿಲ್ಲ, ಮುಗಿದಿಲ್ಲ ಎಂದು ಹೇಳಬೇಕಿತ್ತು. ಇವತ್ತಿಗೂ ನಾನು ಬುಟ್ಟಿಯಲ್ಲಿ ಏನು ಬೆಳೆದರೂ ಅವಳ ಕೈ ನೋಡಿ ಕಲಿತದ್ದೇ ಎಂದೂ ಹೇಳಬೇಕಿತ್ತು, ಆದರೆ ಬೈದ ಮೇಲೆ, ಕೊನೆಯಲ್ಲಿ. ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಅವಳ ಮನೆ ಹುಡುಕಿ ಎದುರಿಗೆ ಕೂತು ಇದನ್ನೆಲ್ಲ ಆಡಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಒಂದು ಬೇಸಿಗೆ ನನ್ನ ಸಣ್ಣ ಮಗಳಿಗೆ ದಡಾರ ಎದ್ದು ಹೋಗುವುದು ತಪ್ಪಿತು. ಇನ್ನೊಂದು ಬೇಸಿಗೆಗೆ ರಜೆ ಸಿಗಲಿಲ್ಲ.

ಮೂರನೆಯ ಬೇಸಿಗೆಗೆ ಮೊದಲೇ ಸಾಹೇಬರ ಕಾರ್ಡು ಬಂತು. ಮೂಲೆ ಹರಿದಿತ್ತು. ಹದಿನಾಲ್ಕು ದಿನದ ಹಿಂದೆ ಹೋದಳು, ಕಾರ್ಯ ಮುಗಿಯಿತು, ತಿಳಿಸುವುದು ತಡವಾಯಿತು, ಕ್ಷಮಿಸಬೇಕು ಎಂದಷ್ಟೇ ಇತ್ತು.

ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅದು ಸಿಟ್ಟಿನ ಅಳು. ಜಗಳವನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದಳಲ್ಲ, ಇನ್ನು ಯಾರ ಮುಂದೆ ಆಡಲಿ ಎಂಬ ಅಳು. ಕಚೇರಿಯಿಂದ ಬಂದ ಗಂಡ ಕಾರ್ಡು ಓದಿ ಪಕ್ಕಕ್ಕೆ ಬಂದು ಕೂತರು. "ವೈನಿನ್ನ ನೀ ಇಷ್ಟ ಹಚ್ಕೊಂಡಿದ್ದಿ ಅಂತ ನನಗ ಗೊತ್ತ ಇರಲಿಲ್ಲ" ಎಂದರು.

ಹಾಗಲ್ಲ ಎಂದು ಹೇಳಬೇಕೆಂದಿದ್ದೆ, ಅಳು ನಿಂತ ಮೇಲೆ. ನಿಲ್ಲಲಿಲ್ಲ.